ಹಾಡು ಹಾರಿತು ಅಮೆರಿಕಕ್ಕೆ... ತಬಲಾದವರಿಗೆ ಸಿಕ್ಕಿದ್ದೇನು?

ಹೀರೋ ಬಂದರೆ ಶಿಳ್ಳೆ ಹೊಡೀತೀವಿ. ಹಾಡು ಬಂದರೆ ಗಾಯಕ ಯಾರು, ಸಂಗೀತ ಯಾರದು ಅಂತ ಬಾಜಿ ಕಟ್ತೀವಿ. ಆದರೆ ಪಲ್ಲವಿ ಮುಗಿದು ಚರಣ ಶುರುವಾಗೋ ಮುಂಚೆ ಎದೆ ಹಿಂಡುವ ಆ ಕೊಳಲು ಯಾರದು? ಹೇಳಿ ನೋಡೋಣ!

ಇವತ್ತು ಕನ್ನಡದ ಹಾಡು ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಷ್ಟೇ ಅಲ್ಲ, ಅಮೆರಿಕದ ಕನ್ನಡಿಗರ ಕಾರಿನಲ್ಲೂ ಮೊಳಗುತ್ತದೆ. ಅಲ್ಲಿ ಹುಟ್ಟುವ ಕಾಸಿನಲ್ಲಿ ಕೊಳಲಿನವನಿಗೆ ಪಾಲುಂಟೇ? ಈ ಪ್ರಶ್ನೆ ಹಿಡಿದು ಬಳ್ಳಾರಿಯಿಂದ ಬಸ್ಸು ಹತ್ತಿದೆ.

ಸಿರುಗುಪ್ಪದಲ್ಲಿ ಮದುವೆ ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗ ನಕ್ಕುಬಿಟ್ಟ. "ಅಣ್ಣಾ, ರಾಯಲ್ಟಿ ಎಲ್ಲಾ ದೊಡ್ಡೋರ ಮಾತು. ನಮ್ದೇನಿದ್ರೂ ರಾತ್ರಿ ಲೆಕ್ಕ!"

ಕುರುಗೋಡಿನಲ್ಲಿ ಸಿಕ್ಕ ಹಿರಿಯ ತಬಲಾದವರು ಒಂದು ಕಾಲಕ್ಕೆ ಕ್ಯಾಸೆಟ್‌ಗಳಿಗೆ ನುಡಿಸಿದವರು. "ಕೂಲಿ ಕೊಟ್ರು, ಬಸ್ ಚಾರ್ಜ್ ಕೊಟ್ರು. ಚೀಟಿ ಒಂದೂ ಕೊಡ್ಲಿಲ್ಲ ತಮ್ಮಾ. ಈಗ ಮೊಮ್ಮಗ ಫೋನಿನಾಗ ಅದೇ ಹಾಡು ಹಚ್ತಾನ. ಈ ಕೈ ನಂದು ಅಂತ ಹೆಂಗ ತೋರಿಸ್ಲಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಕಾನೂನಿನ ಕಥೆಯೂ ಒಂದು ಸಿನಿಮಾನೇ! 1977ರಲ್ಲಿ ಸುಪ್ರೀಂ ಕೋರ್ಟು, ಬೇರೆ ಕರಾರು ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿದ ಚಿತ್ರಸಂಗೀತದ ಹಕ್ಕು ನಿರ್ಮಾಪಕನದೇ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವರ ಬಗ್ಗೆಯೂ ಕಾನೂನು ಯೋಚಿಸಬೇಕೆಂದು ಮರುಗಿದರು. ಅದಾಗಿ 35 ವರ್ಷದ ಮೇಲೆ, 2012ರಲ್ಲಿ, ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ವಾದಿಸಿದ್ದರು. ಹಾಡಿದವರಿಗೆ, ನುಡಿಸಿದವರಿಗೆ ವ್ಯಾಪಾರದ ಬಳಕೆಯಲ್ಲಿ ರಾಯಲ್ಟಿ ಉಂಟು ಎಂದಾಯಿತು. ಶಹಬ್ಬಾಸ್!

ತಡೀರಿ, ಇಲ್ಲೊಂದು ಟ್ವಿಸ್ಟ್ ಇದೆ. ಚಿತ್ರವೊಂದರಲ್ಲಿ ಯಾರ ಕೆಲಸ ಬರೀ ಪ್ರಾಸಂಗಿಕವೋ, ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು ಹಾಕುವ ರೂಢಿಯೇ ಇಲ್ಲವೋ, ಅಂಥವರು ರಾಯಲ್ಟಿ ಮಟ್ಟಿಗೆ ಕಲಾವಿದರೇ ಅಲ್ಲವಂತೆ! ಅಂದರೆ ಹೆಸರೇ ಬಂಡವಾಳ.

ಅಮೆರಿಕದಲ್ಲೂ ಇದೇ ಪಾಡು. ಅಲ್ಲಿನ ಮಾಮೂಲಿ ಎಫ್.ಎಂ. ರೇಡಿಯೊ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಕೊಡಬೇಕು. ಹಾಡಿದವರಿಗೆ, ನುಡಿಸಿದವರಿಗೆ ಕೊಡಲೇಬೇಕೆಂಬ ಕಾನೂನಿಲ್ಲ. ಇಂಟರ್‌ನೆಟ್ ರೇಡಿಯೊ ಮಾತ್ರ ಕೊಡಬೇಕು. ಅಲ್ಲಿ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆ 100 ರೂಪಾಯಿ ಹಂಚಿದರೆ ರೆಕಾರ್ಡಿಂಗಿನ ಒಡೆಯನಿಗೆ 50, ಮುಖ್ಯ ಕಲಾವಿದರಿಗೆ 45, ಪಕ್ಕವಾದ್ಯ ಮತ್ತು ಸಹಗಾಯಕರಿಗೆಂದು 5. ಐದೇ ಇರಲಿ, ಇದೆಯಲ್ಲ! ಆದರೆ ಹೆಸರಿಲ್ಲದವನನ್ನು ಆ ಐದು ರೂಪಾಯಿ ಹುಡುಕಿಕೊಂಡು ಬಂದೀತೇ?

ವಾದ್ಯಗಾರ ಗೆಳೆಯರೇ, ರೆಕಾರ್ಡಿಂಗ್ ಮುಗಿದ ದಿನವೇ ತಾರೀಖು, ಹಾಡು, ವಾದ್ಯ, ನಿಮ್ಮ ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳಿ. ನಿರ್ಮಾಪಕರೇ, ಟೈಟಲ್ ಕಾರ್ಡಿಗೆ ಇನ್ನೆರಡು ಸಾಲು ಸೇರಿಸಿದರೆ ನಿಮ್ಮ ಗಂಟೇನೂ ಹೋಗಲ್ಲ.

ಅಭಿಮಾನಿ ಮಿತ್ರರೇ, ಆ ಎರಡು ಸಾಲು ತೆರೆಯ ಮೇಲೆ ಬಂದ ದಿನ ಒಂದು ಶಿಳ್ಳೆ ಅವರಿಗೂ ಬೀಳಲಿ. ಏನಂತೀರಿ?