ಅರ್ಜಿ ಫಾರಂ, ಫಾರಂ ಕೋಳಿ

ನಮ್ಮ ಕಡೆ ಅರ್ಜಿ ತುಂಬುವುದೂ ಫಾರಂ, ಕೋಳಿ ಸಾಕುವುದೂ ಫಾರಂ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಪದಗಳು, ಉಚ್ಚಾರವೂ ಬೇರೆ. ಕನ್ನಡಕ್ಕೆ ಬಂದ ಮೇಲೆ ಎರಡೂ ಒಂದೇ ಅಂಗಿ ತೊಟ್ಟಿವೆ. ಆದರೂ ‘ಫಾರಂ ತಗೊಂಡು ಬಾ’ ಅಂದರೆ ಯಾರೂ ಕೋಳಿ ಹಿಡಿದು ತರುವುದಿಲ್ಲ. ಯಾವ ಫಾರಂ ಎಂಬುದನ್ನು ಸಂದರ್ಭವೇ ಹೇಳಿಬಿಡುತ್ತದೆ. ಆ ಸಂದರ್ಭದ ನೆರವು ಸಿಗದ ಕಡೆಯೇ ತೊಡಕು ಶುರು: ಪರೀಕ್ಷೆಯ ಉತ್ತರ ಪತ್ರಿಕೆ, ಕ್ಯಾಂಪಸ್ ಸಂದರ್ಶನ, ಬ್ಯಾಂಕಿನ ಮೆಸೇಜು, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ.

ಹಡಗಲಿ ತಾಲ್ಲೂಕಿನ ಹೊಳಲಿನಂಥ ಊರಿನಿಂದ, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಿ.ಇ. ಸೇರಿದವರಿಗೆ ಈ ತೊಡಕು ದಿನನಿತ್ಯದ್ದು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007–08ರಲ್ಲಿ. ಅಂದರೆ ನಮ್ಮ ತಲೆಮಾರು ಎಬಿಸಿಡಿಯನ್ನು ಚಿಕ್ಕಂದಿನಲ್ಲೇ ಕಲಿತಿದೆ. ಆದರೂ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದವರು ನಮ್ಮಲ್ಲಿ ಬಹಳ ಮಂದಿ. ಲೆಕ್ಕ ಬರುತ್ತದೆ, ಸರ್ಕಿಟ್ ಬರುತ್ತದೆ. ಒಂದು ಪದ ಹೆಚ್ಚುಕಡಿಮೆಯಾದರೆ ಹಿಂದಿನ ಬೆಂಚು ನಗುತ್ತದೆ ಎಂಬ ಅಳುಕು ಬಾಯಿ ಕಟ್ಟುತ್ತದೆ. ಈ ಗೊಂದಲಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಅದಕ್ಕೆ ಸ್ಪಷ್ಟ ಕಾರಣಗಳಿವೆ, ಕಾರಣ ಗೊತ್ತಾದರೆ ಮದ್ದೂ ಸಿಗುತ್ತದೆ.

ಅಂದಹಾಗೆ, ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಹುಡುಕುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದು 1824ರಲ್ಲಿ. ಕಿಟೆಲ್ ಅವರ ಹೆಸರಾಂತ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ, ಅಂದರೆ 70 ವರ್ಷಗಳ ನಂತರ.

ಕಿವಿಗೆ ಒಂದೇ, ಕಾಗದದಲ್ಲಿ ಎರಡು

ಮೊದಲ ಕಾರಣ ನಮ್ಮ ಲಿಪಿ. ಕನ್ನಡದಲ್ಲಿ ಹೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಇಂಗ್ಲಿಷ್ ಹಾಗಲ್ಲ. ಕಾಲೇಜಿನ ಮುಖ್ಯಸ್ಥರೂ ಪ್ರಿನ್ಸಿಪಲ್, ಆರ್ಕಿಮಿಡೀಸನ ತತ್ವವೂ ಪ್ರಿನ್ಸಿಪಲ್. ಕಿವಿಗೆ ವ್ಯತ್ಯಾಸವೇ ಇಲ್ಲ, ಇರುವುದೆಲ್ಲ ಕೊನೆಯ ಅಕ್ಷರಗಳಲ್ಲಿ. ‘ಎ, ಎಲ್’ ಎಂದು ಮುಗಿದರೆ ‘ಮುಖ್ಯ’ ಎಂಬ ಅರ್ಥ. ಕಾಲೇಜಿಗೆ ಮುಖ್ಯರಾದವರು ಪ್ರಿನ್ಸಿಪಲ್. ಸಾಲದಲ್ಲಿ ಬಡ್ಡಿ ಬಿಟ್ಟು ಉಳಿಯುವ ಮುಖ್ಯ ಮೊತ್ತ, ಅಂದರೆ ಅಸಲು, ಅದೂ ಪ್ರಿನ್ಸಿಪಲ್. ‘ಎಲ್, ಇ’ ಎಂದು ಮುಗಿದರೆ ನಿಯಮ ಅಥವಾ ತತ್ವ. ‘ರೂಲ್’ ಎಂಬ ಪದವೂ ‘ಎಲ್, ಇ’ ಎಂದೇ ಮುಗಿಯುತ್ತದೆ, ಅದನ್ನು ನೆನಪಿಟ್ಟರೆ ಸಾಕು. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಇದು ಇನ್ನೂ ಮುಖ್ಯ. ಪ್ರಿನ್ಸಿಪಲ್ ಸ್ಟ್ರೆಸ್ ಮತ್ತು ಪ್ರಿನ್ಸಿಪಲ್ ಆಫ್ ಸೂಪರ್‌ಪೊಸಿಷನ್ ಒಂದೇ ಪಠ್ಯದಲ್ಲಿ ಬರುತ್ತವೆ. ಮೊದಲನೆಯದು ‘ಮುಖ್ಯ’, ಎರಡನೆಯದು ‘ತತ್ವ’.

ಸ್ಟೇಷನರಿಯದೂ ಇದೇ ಕಥೆ. ಪೆನ್ನು, ಪುಸ್ತಕ, ಕಾಗದದ ಸ್ಟೇಷನರಿಗೆ ಕೊನೆಯ ‘ಆರ್’ಗಿಂತ ಮುಂಚೆ ‘ಇ’ ಬರುತ್ತದೆ. ಎನ್ವಲಪ್‌ನ ಮೊದಲ ಅಕ್ಷರವೂ ‘ಇ’. ನಿಂತಲ್ಲೇ ನಿಂತಿರುವುದು ಎಂಬ ಅರ್ಥದ ಸ್ಟೇಷನರಿಗೆ ಅಲ್ಲಿ ‘ಎ’ ಬರುತ್ತದೆ. ಮೋಟಾರಿನಲ್ಲಿ ತಿರುಗದೆ ನಿಂತಿರುವ ಭಾಗಕ್ಕೆ ಸ್ಟೇಟರ್ ಎನ್ನುತ್ತೇವಲ್ಲ, ಅದರಲ್ಲೂ ‘ಎ’ ಇದೆ.

ಇನ್ನು ಕೆಲವು ಜೋಡಿಗಳಿಗೆ ಸದ್ದಿನಲ್ಲೇ ವ್ಯತ್ಯಾಸವಿದೆ, ಆದರೆ ನಮ್ಮ ನಾಲಿಗೆ ಅದನ್ನು ನುಂಗುತ್ತದೆ. ಸಡಿಲ ಎಂಬ ಅರ್ಥದ ಲೂಸ್ ಮತ್ತು ಕಳೆದುಕೊಳ್ಳು ಎಂಬ ಅರ್ಥದ ಲೂಜ಼್ ಹಾಗಿವೆ. ಎರಡನೆಯದರ ಕೊನೆಯ ಸದ್ದು ನಮ್ಮ ವರ್ಣಮಾಲೆಯಲ್ಲಿಲ್ಲ. ‘ಜ’ ಕೆಳಗೆ ಎರಡು ಚುಕ್ಕಿ ಇಟ್ಟು ಅದನ್ನು ತೋರಿಸಬಹುದು, ಆದರೆ ಮೊಬೈಲಿನಲ್ಲಿ ಟೈಪ್ ಮಾಡುವಾಗ ಚುಕ್ಕಿ ಇಡುವವರು ಎಷ್ಟು ಜನ? ಪ್ಲಾಟ್ ಮತ್ತು ಫ್ಲಾಟ್ ಕೂಡ ಹೀಗೆಯೇ. ಒಂದು ಖಾಲಿ ನಿವೇಶನ, ಇನ್ನೊಂದು ಅಪಾರ್ಟ್‌ಮೆಂಟಿನ ಮನೆ. ಕೊಳ್ಳುವವರಿಗೆ ಈ ಒಂದು ಅಕ್ಷರದ ಬೆಲೆ ಲಕ್ಷಗಟ್ಟಲೆ.

‘ಮಾಡು’ ಎಂಬ ಮಂತ್ರ

ಎರಡನೆಯ ಕಾರಣ ಕನ್ನಡದ ಒಂದು ಒಳ್ಳೆಯ ಗುಣ. ಯಾವ ಇಂಗ್ಲಿಷ್ ಪದ ಬಂದರೂ ನಾವು ಪಕ್ಕದಲ್ಲಿ ‘ಮಾಡು’, ‘ಆಗು’ ಸೇರಿಸಿ ಕ್ರಿಯಾಪದ ಮಾಡಿಕೊಳ್ಳುತ್ತೇವೆ. ಅಡ್ವೈಸ್ ಮಾಡಿದರು, ಪ್ರಾಕ್ಟೀಸ್ ಮಾಡಿದೆ, ಎಫೆಕ್ಟ್ ಆಯಿತು. ಹೀಗಾಗಿ ಇಂಗ್ಲಿಷಿನಲ್ಲಿ ನಾಮಪದಕ್ಕೊಂದು, ಕ್ರಿಯಾಪದಕ್ಕೊಂದು ರೂಪ ಇರುವುದು ನಮ್ಮ ಗಮನಕ್ಕೇ ಬರುವುದಿಲ್ಲ.

ಸಲಹೆ ಎಂಬ ನಾಮಪದದಲ್ಲಿ ‘ಸಿ’, ಸಲಹೆ ಕೊಡು ಎಂಬ ಕ್ರಿಯಾಪದದಲ್ಲಿ ‘ಎಸ್’. ಬ್ರಿಟಿಷ್ ಇಂಗ್ಲಿಷಿನಲ್ಲಿ ಪ್ರಾಕ್ಟೀಸ್‌ಗೂ ಇದೇ ನಿಯಮ. ಅಫೆಕ್ಟ್ ಸಾಮಾನ್ಯವಾಗಿ ಕ್ರಿಯಾಪದ, ‘ಪರಿಣಾಮ ಬೀರು’. ಎಫೆಕ್ಟ್ ಸಾಮಾನ್ಯವಾಗಿ ನಾಮಪದ, ‘ಪರಿಣಾಮ’. ಮಳೆ ಬೆಳೆಯನ್ನು ಅಫೆಕ್ಟ್ ಮಾಡುತ್ತದೆ, ಬೆಳೆ ಹಾಳಾದದ್ದು ಎಫೆಕ್ಟ್. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಪರಿಣಾಮ’ ಎಂದಷ್ಟೇ ಬಂದರೆ ‘ಇ’, ‘ಪರಿಣಾಮ ಬೀರು’ ಎಂದು ಬಂದರೆ ‘ಎ’.

ಊರಿಗೆ ಬಂದು ಬದಲಾದವು

ಮೂರನೆಯ ಗುಂಪು ನನಗೆ ಬಲು ಇಷ್ಟ. ಇವು ಕನ್ನಡಕ್ಕೆ ಬಂದು, ಇಲ್ಲೇ ನೆಲೆಸಿ, ಬೇರೆ ಅರ್ಥ ಪಡೆದ ಪದಗಳು. ‘ಟೆನ್ಷನ್’ ಅಂದರೆ ನಮಗೆ ಚಿಂತೆ. ಮೆಕ್ಯಾನಿಕ್ಸಿನಲ್ಲಿ ಅದು ಹಗ್ಗದೊಳಗಿನ ಎಳೆತ. ಊರ ಹೊರಗಿನ ಎಚ್‌ಟಿ ಲೈನಿನಲ್ಲಿ ಅದೇ ಪದಕ್ಕೆ ವೋಲ್ಟೇಜ್ ಎಂಬ ಅರ್ಥ. ‘ಕರೆಂಟ್ ಹೋಯಿತು’ ಅನ್ನುವಾಗ ನಾವು ಇಡೀ ವಿದ್ಯುತ್ತನ್ನೇ ಕರೆಂಟ್ ಅನ್ನುತ್ತೇವೆ. ಪಠ್ಯದಲ್ಲಿ ಕರೆಂಟ್ ಎಂದರೆ ಆಂಪಿಯರ್‌ನಲ್ಲಿ ಅಳೆಯುವ ಹರಿವು ಮಾತ್ರ.

ಪವರ್ ಮತ್ತು ಎನರ್ಜಿಯ ಗೊಂದಲ ಬಿಡಿಸಲು ಹೊಲದ ಪಂಪ್‌ಸೆಟ್ಟಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿ ಮೋಟಾರು ಸುಮಾರು 3.7 ಕಿಲೋವ್ಯಾಟ್, ಅದು ಪವರ್. ಅದೇ ಮೋಟಾರು ಪೂರ್ತಿ ಹೊರೆಯಲ್ಲಿ ಒಂದು ಗಂಟೆ ಓಡಿದರೆ ಮೀಟರಿನಲ್ಲಿ ಸುಮಾರು 4 ಯೂನಿಟ್ ಏರುತ್ತದೆ, ಅದು ಎನರ್ಜಿ. ಗೃಹಜ್ಯೋತಿಯ 200 ಯೂನಿಟ್ ಕೂಡ ಎನರ್ಜಿಯ ಲೆಕ್ಕ.

ಅಕ್ಯುರಸಿ ಮತ್ತು ಪ್ರಿಸಿಷನ್ ಎರಡನ್ನೂ ನಾವು ‘ನಿಖರತೆ’ ಎಂದುಬಿಡುತ್ತೇವೆ. ಹಡಗಲಿ ಮಲ್ಲಿಗೆಯ ಒಂದೇ ಗಂಟನ್ನು ಒಂದು ತಕ್ಕಡಿಯಲ್ಲಿ ಐದು ಸಲ ತೂಗಿದಿರಿ ಅನ್ನಿ. ಐದೂ ಸಲ ಒಂದೇ ತೂಕ ಬಂತು, ಆದರೆ ನಿಜವಾದ ತೂಕಕ್ಕಿಂತ 50 ಗ್ರಾಂ ಕಡಿಮೆ. ಆ ತಕ್ಕಡಿಗೆ ಪ್ರಿಸಿಷನ್ ಇದೆ, ಅಕ್ಯುರಸಿ ಇಲ್ಲ. ಹೂವು ಮಾರುವವರಿಗೆ ಅಂಥ ತಕ್ಕಡಿಯಿಂದ ದಿನವೂ ನಷ್ಟ.

ಮೆಸೇಜು, ಟ್ಯಾಂಕರು, ಡಬ್ಬಿ

ಪರೀಕ್ಷೆಯಲ್ಲಿ ಪದ ತಪ್ಪಿದರೆ ಹೋಗುವುದು ಒಂದೆರಡು ಅಂಕ. ಊರಿನಲ್ಲಿ ಹಾಗಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯ ಮೆಸೇಜು ಹಿಡಿದು ‘ತಮ್ಮಾ, ರೊಕ್ಕ ಬಂದೈತೋ ಹೋಗೈತೋ ನೋಡು’ ಎಂದು ಕೇಳುವ ಅವ್ವಂದಿರು ಪ್ರತಿ ಓಣಿಯಲ್ಲೂ ಇದ್ದಾರೆ. ಕ್ರೆಡಿಟ್ ಅಂದರೆ ಜಮಾ, ಡೆಬಿಟ್ ಅಂದರೆ ಕಡಿತ. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಅದೇ ಕ್ರೆಡಿಟ್ ಅಂದರೆ ಸಾಲ! ಈ ಗೊಂದಲವೇ ಮೋಸಗಾರರ ಬಂಡವಾಳ. ಇದರ ಜೊತೆಗೆ ಇನ್ನೊಂದು ಮಾತನ್ನೂ ಮನೆಯಲ್ಲಿ ಹೇಳಿಕೊಡಿ: ಯುಪಿಐನಲ್ಲಿ ಹಣ ಕಳಿಸಲು ಪಿನ್ ಬೇಕು, ಪಡೆಯಲು ಬೇಡ.

ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಮುಂದೆ ‘ಇನ್’ ಇದೆಯಲ್ಲ, ಇನ್‌ಕರೆಕ್ಟ್ ಇದ್ದ ಹಾಗೆ ‘ಬೆಂಕಿ ಹತ್ತದ್ದು’ ಅಂದುಕೊಂಡರೆ ಕೆಟ್ಟಿತು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡರ ಅರ್ಥವೂ ಸುಲಭವಾಗಿ ಬೆಂಕಿ ಹತ್ತುವುದು ಎಂದೇ. ಬೆಂಕಿ ಹತ್ತದ್ದಕ್ಕೆ ನಾನ್‌ಫ್ಲೇಮಬಲ್ ಎನ್ನಬೇಕು.

ಹೊಲದಲ್ಲಂತೂ ಏನು ಸಿಂಪಡಿಸಿದರೂ ‘ಎಣ್ಣೆ ಹೊಡೆಯುವುದು’. ಡಬ್ಬಿಯ ಮೇಲೆ ಮಾತ್ರ ಇನ್‌ಸೆಕ್ಟಿಸೈಡ್, ಫಂಗಿಸೈಡ್, ಹರ್ಬಿಸೈಡ್ ಎಂದು ಬೇರೆ ಬೇರೆ ಇರುತ್ತದೆ. ಮೂರೂ ‘ಸೈಡ್’ ಎಂದು ಮುಗಿಯುತ್ತವೆ. ಲ್ಯಾಟಿನ್ ಮೂಲದ ಆ ತುಂಡಿಗೆ ಕೊಲ್ಲುವುದು ಎಂಬ ಅರ್ಥ. ಯಾವುದನ್ನು ಕೊಲ್ಲುತ್ತದೆ ಎಂಬುದು ಮೊದಲ ಭಾಗದಲ್ಲಿದೆ: ಕೀಟ, ಶಿಲೀಂಧ್ರ, ಕಳೆ. ಕೀಟನಾಶಕ ಎಂದುಕೊಂಡು ಕಳೆನಾಶಕ ಹೊಡೆದರೆ ಹುಳುವಿನ ಬದಲು ಬೆಳೆಯೇ ಒಣಗಬಹುದು. ಡಬ್ಬಿಯ ಬಣ್ಣದ ತ್ರಿಕೋನವನ್ನೂ ನೋಡಿ. ಕೆಂಪು ಅತಿ ಹೆಚ್ಚು ವಿಷ. ನಂತರ ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ತ್ರಿಕೋನ ವಿಷದ ಪ್ರಮಾಣ ಹೇಳುತ್ತದೆಯೇ ಹೊರತು ಅದು ಕೀಟಕ್ಕೋ ಕಳೆಗೋ ಎಂಬುದನ್ನಲ್ಲ. ಅದಕ್ಕೆ ಪದವನ್ನೇ ಓದಬೇಕು.

ಜೋಡಿ ಪಟ್ಟಿ

ಹಾಗಾದರೆ ಏನು ಮಾಡಬಹುದು? ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಜೋಡಿ ಪದಗಳ ಪಟ್ಟಿ ಇಡಿ. ಪ್ರತಿ ಪದದ ಎದುರು ಕನ್ನಡದಲ್ಲೇ ಅರ್ಥ ಬರೆಯಿರಿ, ಜೊತೆಗೆ ನಿಮ್ಮ ಊರಿನದೇ ಒಂದು ಉದಾಹರಣೆ ಇರಲಿ. ಗಂಟಲಪಾಠಕ್ಕಿಂತ ತಕ್ಕಡಿ, ಪಂಪ್‌ಸೆಟ್ಟು ಬಹಳ ದಿನ ನೆನಪಿರುತ್ತವೆ. ಸಂಶಯ ಬಂದರೆ ಕೇಳಲು ನಾಚಬೇಡಿ. ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ವರ್ಷಗಟ್ಟಲೆ ನಡೆದದ್ದೇ ಓದುಗರು ಪದಗಳ ಬಗ್ಗೆ ಸಂಕೋಚವಿಲ್ಲದೆ ಪ್ರಶ್ನೆ ಕೇಳಿದ್ದರಿಂದ.

ಉಪನ್ಯಾಸಕರಲ್ಲೂ ಒಂದು ವಿನಂತಿ. ಹೊಸ ಪದ ಬಂದಾಗ ಒಮ್ಮೆ ಕನ್ನಡದಲ್ಲಿ ಹೇಳಿ. ಅದಕ್ಕೆ ಅರ್ಧ ನಿಮಿಷ ಸಾಕು. ಹಿಂದಿನ ಬೆಂಚಿನಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನಿರುವ ಹುಡುಗನೋ ಹುಡುಗಿಯೋ ಆಗ ಕೈ ಎತ್ತಬಹುದು. ರಜೆಗೆ ಊರಿಗೆ ಹೋದಾಗ ನಮಗೂ ಒಂದು ಕೆಲಸವಿದೆ. ಮನೆಯಲ್ಲಿರುವ ಔಷಧದ ಡಬ್ಬಿಗಳ ಮೇಲೆ ‘ಕೀಟಕ್ಕೆ’, ‘ಕಳೆಗೆ’ ಎಂದು ದಪ್ಪ ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು ಬರೋಣ.