ರಸವನ್ನು ಕುಡಿಯುವ ಹಬ್ಬದ ಕೇಕು

ಪಾಕದಲ್ಲಿ ಮುಳುಗಿಸಿದ ಭಕ್ಷ್ಯಗಳು ನಮ್ಮ ನಾಡಿನವರಿಗೆ ಹೊಸವಲ್ಲ. ಜಿಲೇಬಿ, ಜಾಮೂನು, ಬಾದುಷಾ ಇವುಗಳನ್ನು ಅರಿಯದ ಮನೆಯೇ ಇಲ್ಲವೆನ್ನಬಹುದು. ಇವೆಲ್ಲವೂ ಎಣ್ಣೆಯಲ್ಲೋ ತುಪ್ಪದಲ್ಲೋ ಕರಿದು, ಬಿಸಿಯಾಗಿರುವಾಗಲೇ ಪಾಕಕ್ಕೆ ಬೀಳತಕ್ಕವುಗಳು. ಯೂರೋಪು ಖಂಡದಲ್ಲಿ ಇವುಗಳ ದೂರದ ಬಂಧುವೆನ್ನಬಹುದಾದ ಒಂದು ಭಕ್ಷ್ಯವುಂಟು. ಅದನ್ನು ದೋಸೆಯ ಹಿಟ್ಟಿನಂತೆ ಹುದುಗಿಸುತ್ತಾರೆ. ರೊಟ್ಟಿಯಂತೆ ಒಲೆಯೊಳಗೆ ಸುಡುತ್ತಾರೆ. ಒಂದು ದಿನ ಒಣಗಲು ಬಿಡುತ್ತಾರೆ. ಆಮೇಲೆ ಅದಕ್ಕೆ ರಸವನ್ನು ಕುಡಿಸಿ, ಹಣ್ಣುಗಳಿಂದ ಅಲಂಕರಿಸಿ, ವಿಶೇಷ ದಿನಗಳಲ್ಲಿ ಅತಿಥಿಗಳ ಮುಂದಿಡುತ್ತಾರೆ. ಫ್ರಾನ್ಸಿನಲ್ಲಿ ಇದಕ್ಕೆ ಸಾವರಿನ್ ಎಂದು ಹೆಸರು. ಇದರ ಅಣ್ಣನ ಹೆಸರು ಬಾಬಾ. ಈ ಸೋದರರ ಕಥೆಯನ್ನೂ, ಮನೆಯಲ್ಲಿ ಇದನ್ನು ಮಾಡುವ ಕ್ರಮವನ್ನೂ ವಾಚಕರಿಗೆ ನಿವೇದಿಸಬೇಕೆಂದು ನಾವು ಬಯಸಿದ್ದೇವೆ.

ಅಣ್ಣನ ಕಥೆ ಒಬ್ಬ ರಾಜ್ಯಭ್ರಷ್ಟ ಅರಸನಿಂದ ಆರಂಭವಾಗುತ್ತದೆ. ಪೋಲೆಂಡಿನ ಸ್ಟಾನಿಸ್ಲಾಸ್ ಲೆಶ್ಚಿನ್‌ಸ್ಕಿ ಎಂಬಾತನು 1704ರಲ್ಲಿ ಸಿಂಹಾಸನವನ್ನೇರಿ 1709ರಲ್ಲಿ ಅದನ್ನು ಕಳೆದುಕೊಂಡನು. 1719ರಿಂದ ಕೆಲವು ವರ್ಷ ಅಲ್ಸೇಸ್ ಪ್ರಾಂತದ ವಿಸೆಂಬುರ್ಗ್ ಎಂಬ ಸಣ್ಣ ಊರಿನಲ್ಲಿ ಪರರ ಆಶ್ರಯದಲ್ಲಿ ಕಾಲ ಕಳೆದನು. 1725ರಲ್ಲಿ ಅವನ ಮಗಳು ಮರಿಯಾಳನ್ನು ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ ವರಿಸಿದನು. 1733ರಲ್ಲಿ ಮತ್ತೊಮ್ಮೆ ಪೋಲೆಂಡಿನ ಪಟ್ಟವು ಕೈಗೆ ಬಂದಂತಾಗಿ ಮತ್ತೆ ಜಾರಿತು. ಕಡೆಗೆ 1737ರಲ್ಲಿ ಅಳಿಯನ ದಯೆಯಿಂದ ಲೊರೇನ್ ಪ್ರಾಂತವು ದೊರೆಯಿತು. ಅವನು 1766ರವರೆಗೆ ಅಲ್ಲಿಯೇ ಆಳಿದನು. ನಾನ್ಸಿ ನಗರದಲ್ಲಿ ಅವನು ಕಟ್ಟಿಸಿದ ಭವ್ಯವಾದ ಚೌಕವು ಇಂದಿಗೂ ಅವನ ಹೆಸರನ್ನೇ ಹೊತ್ತಿದೆ.

ಆ ಸೀಮೆಯವರು ಹುದುಗಿಸಿದ ಹಿಟ್ಟಿನಿಂದ ಕೂಗಲ್‌ಹಾಫ್ ಎಂಬ ಎತ್ತರದ ಕೇಕನ್ನು ಮಾಡುತ್ತಾರೆ. ಒಂದು ದಿನ ಅರಸನ ಮುಂದಿಟ್ಟ ಆ ಕೇಕು ತೀರ ಒಣಗಿಹೋಗಿತ್ತಂತೆ. ಅವನು ಅದನ್ನು ಎಸೆಯಿಸದೆ, ಸಿಹಿಯಾದ ದ್ರಾಕ್ಷಾರಸವನ್ನು ಅದರ ಮೇಲೆ ಸುರಿಯಿಸಿದನಂತೆ. ರುಚಿ ನೋಡಿ ಹಿಗ್ಗಿ, ತನಗೆ ಪ್ರಿಯವಾಗಿದ್ದ ಅರಬ್ಬೀ ಕಥೆಯ ಆಲಿಬಾಬನ ಹೆಸರನ್ನು ಅದಕ್ಕಿಟ್ಟನಂತೆ. ಕಥೆ ಸೊಗಸಾಗಿದೆ. ಆದರೆ ಹೇಳುವವರು ಇದು ಕೆಲವೊಮ್ಮೆ ಲೊರೇನಿನಲ್ಲಿ ನಡೆಯಿತೆನ್ನುತ್ತಾರೆ, ಕೆಲವೊಮ್ಮೆ ಅದಕ್ಕೆ ಮುಂಚೆಯೇ ಎನ್ನುತ್ತಾರೆ. ಪೋಲಿಷ್ ಭಾಷೆಯಲ್ಲಿಯಾದರೋ ‘ಬಾಬಾ’ ಎಂದರೆ ಅಜ್ಜಿ, ಮುದುಕಿ. ಆ ದೇಶದ ಎತ್ತರದ ಕೇಕಿಗೂ ಅದೇ ಹೆಸರುಂಟು. ಆದುದರಿಂದ ಹೆಸರು ತವರಿನಿಂದಲೇ ಬಂದಿತೆಂದು ತಿಳಿಯುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಶಬ್ದಸಾಮ್ಯವೇ ವ್ಯುತ್ಪತ್ತಿಯಲ್ಲವೆಂದು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಇಲ್ಲಿಯೂ ಆ ಮಾತು ಸಲ್ಲುತ್ತದೆ.

ದಂತಕಥೆಯನ್ನು ಬಿಟ್ಟು ಚರಿತ್ರೆಗೆ ಬರೋಣ. ಮರಿಯಾ ರಾಣಿಯನ್ನು ಹಿಂಬಾಲಿಸಿ ನಿಕೊಲಾ ಸ್ಟೊರೆರ್ ಎಂಬ ಭಕ್ಷ್ಯಕಾರನು ವರ್ಸೇಲ್ಸಿಗೆ ಹೋದನು. 1730ರಲ್ಲಿ ಅವನು ಪ್ಯಾರಿಸಿನ ಮೊಂತೊರ್‌ಗೆಯಿ ಬೀದಿಯಲ್ಲಿ ಅಂಗಡಿಯನ್ನು ತೆರೆದನು. ಆ ಅಂಗಡಿ ಈಗಲೂ ಅದೇ ಬೀದಿಯಲ್ಲಿದೆ. ಬಾಬಾ ಅಲ್ಲಿ ಈಗಲೂ ದೊರೆಯುತ್ತದೆ. ಮುಂದಿನ ಶತಮಾನದಲ್ಲಿ, 1840ರ ದಶಕದಲ್ಲಿ, ಅದೇ ನಗರದ ಜೂಲಿಯೆನ್ ಸೋದರರು ಬಾಬಾದ ಹಿಟ್ಟಿನಿಂದ ಒಣದ್ರಾಕ್ಷಿಯನ್ನು ತೆಗೆದು, ನಡುವೆ ತೆರಪಿರುವ ಬಳೆಯಾಕಾರದ ಅಚ್ಚಿನಲ್ಲಿ ಸುಟ್ಟು, ಬೇರೊಂದು ಪಾಕವನ್ನು ಕುಡಿಸಿದರು. ಅದಕ್ಕೆ ಬ್ರಿಯಾ-ಸಾವರಿನ್ ಎಂಬ ವಿದ್ವಾಂಸನ ಹೆಸರನ್ನಿಟ್ಟರು. ಬಾಬಾ ದಕ್ಷಿಣಕ್ಕೂ ಪಯಣಿಸಿತು. ಇಟಲಿಯ ನೇಪಲ್ಸಿನವರು ಅದನ್ನು ಈಗ ತಮ್ಮೂರಿನದೇ ಎಂದು ಹೆಮ್ಮೆಪಡುತ್ತಾರೆ.

ಬ್ರಿಯಾ-ಸಾವರಿನ್ (1755–1826) ವೃತ್ತಿಯಿಂದ ನ್ಯಾಯವಾದಿ. ಕಡೆಯಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶ. ರುಚಿಯ ವಿಷಯವಾಗಿ ಅವನು ಬರೆದ ಪ್ರಸಿದ್ಧ ಗ್ರಂಥವು 1825ರಲ್ಲಿ, ಮರಣಕ್ಕೆ ಎರಡು ತಿಂಗಳ ಮುಂಚೆ, ಪ್ರಕಟವಾಯಿತು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅವನು ಜೀವಭಯದಿಂದ ಸ್ವಿಟ್ಜರ್ಲೆಂಡಿಗೂ, ಅಲ್ಲಿಂದ ಅಮೇರಿಕಕ್ಕೂ ಓಡಿಹೋಗಬೇಕಾಯಿತು. ನ್ಯೂಯಾರ್ಕಿನಲ್ಲಿ ಫ್ರೆಂಚ್ ಪಾಠ ಹೇಳಿಯೂ, ನಾಟಕಶಾಲೆಯಲ್ಲಿ ಪಿಟೀಲು ಬಾರಿಸಿಯೂ ಹೊಟ್ಟೆ ಹೊರೆದುಕೊಂಡನು. ಹೀಗೆ ಅಣ್ಣನ ಕಥೆಯಲ್ಲಿ ಒಬ್ಬ ದೇಶಭ್ರಷ್ಟ ಅರಸನಿದ್ದರೆ, ತಮ್ಮನ ಹೆಸರಿನಲ್ಲಿ ಒಬ್ಬ ದೇಶಭ್ರಷ್ಟ ನ್ಯಾಯವಾದಿ ಇದ್ದಾನೆ. ಒಣಗಿದುದಕ್ಕೆ ರಸ ತುಂಬುವ ಭಕ್ಷ್ಯಕ್ಕೆ ಇದು ಒಪ್ಪುವ ವಂಶಾವಳಿಯೆಂದೇ ನಮಗೆ ತೋರುತ್ತದೆ.

ಇನ್ನು ಹುದುಗಿನ ವಿಚಾರ. ಸಂಸ್ಕೃತದಲ್ಲಿ ‘ಕಿಣ್ವ’ವೆಂಬ ಪ್ರಾಚೀನ ಶಬ್ದವುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ಆ ಹೆಸರು. ಕಿಣ್ವಾದಿಗಳು ಸೇರಿದಾಗ ಮದಶಕ್ತಿ ಹುಟ್ಟುವಂತೆ ಭೂತಗಳು ಸೇರಿದಾಗ ಚೈತನ್ಯವು ಹುಟ್ಟುತ್ತದೆಂದು ಚಾರ್ವಾಕರು ವಾದಿಸುತ್ತಿದ್ದರು. ಹುದುಗೇ ಒಂದು ಜೀವವೆಂಬುದು ಆಗಿನವರಿಗೆ ತಿಳಿದಿರಲಿಲ್ಲ. 1680ರಲ್ಲಿ ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ಈಸ್ಟಿನ ಕಣಗಳನ್ನು ಕಂಡನು. 1857ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಲೂಯಿ ಪಾಶ್ಚರನು ಹುದುಗುವಿಕೆಯು ಜೀವಿಗಳ ಕಾರ್ಯವೆಂದು ಪ್ರಯೋಗಗಳಿಂದ ತೋರಿಸಿಕೊಟ್ಟನು. ಈಸ್ಟ್ ಎಂಬುದು ಒಂದೇ ಕೋಶದ ಶಿಲೀಂಧ್ರ. ಅದು ಸಕ್ಕರೆಯನ್ನು ತಿಂದು ಅಂಗಾರಾಮ್ಲ ವಾಯುವನ್ನು ಬಿಡುತ್ತದೆ. ಗೋಧಿಯ ಹಿಟ್ಟನ್ನು ನಾದಿದಾಗ ಅದರ ಸಾರವು ಎಳೆಯೆಳೆಯಾಗಿ ಬಲೆಯಂತೆ ಹೆಣೆದುಕೊಳ್ಳುತ್ತದೆ. ವಾಯು ಆ ಬಲೆಯಲ್ಲಿ ಸಿಕ್ಕಿ ಹಿಟ್ಟನ್ನು ಉಬ್ಬಿಸುತ್ತದೆ. ನಮ್ಮ ಇಡ್ಲಿಯ ಹಿಟ್ಟು ಉಬ್ಬುವುದೂ ವಾಯುವಿನಿಂದಲೇ. ಆದರೆ ಅಲ್ಲಿ ಮುಖ್ಯವಾಗಿ ದುಡಿಯುವವು ಬೇರೆ ಜಾತಿಯ ಸೂಕ್ಷ್ಮಾಣುಗಳು.

ಎಂಟು ಹತ್ತು ಮಂದಿಗೆ ಸಾಕಾಗುವ ಸಾವರಿನ್‌ಗೆ ಬೇಕಾದ ಸಾಮಗ್ರಿ ಇಷ್ಟು: ಮೈದಾ 250 ಗ್ರಾಂ, ಒಣ ಈಸ್ಟ್ 7 ಗ್ರಾಂ, ಉಗುರು ಬೆಚ್ಚಗಿನ ಹಾಲು 80 ಮಿಲಿಲೀಟರು, ಸಕ್ಕರೆ 20 ಗ್ರಾಂ, ಉಪ್ಪು ಅರ್ಧ ಚಹಾ ಚಮಚ, ಮೊಟ್ಟೆ 3, ಮೆದುವಾದ ಬೆಣ್ಣೆ 80 ಗ್ರಾಂ. ಪಾಕಕ್ಕೆ ನೀರು ಅರ್ಧ ಲೀಟರು, ಸಕ್ಕರೆ 250 ಗ್ರಾಂ, ಒಂದು ಕಿತ್ತಳೆಯ ಮತ್ತು ಒಂದು ನಿಂಬೆಯ ಹೊರಸಿಪ್ಪೆ, ಒಂದು ತುಂಡು ದಾಲ್ಚಿನ್ನಿ.

ಮೊದಲು ಹಾಲಿನಲ್ಲಿ ಒಂದು ಚಿಟಿಕೆ ಸಕ್ಕರೆಯನ್ನೂ ಈಸ್ಟನ್ನೂ ಕಲಸಿ ಹತ್ತು ನಿಮಿಷ ಇಡತಕ್ಕದ್ದು. ಮೇಲೆ ನೊರೆ ಬಂದರೆ ಈಸ್ಟ್ ಜೀವಂತವಾಗಿದೆಯೆಂದು ತಿಳಿಯಬೇಕು. ಬಾರದಿದ್ದರೆ ಮುಂದುವರಿಯುವುದು ವ್ಯರ್ಥ. ಹಾಲು ಬೆರಳಿಗೆ ಹಿತವಾಗಿರಬೇಕು. ಸುಡುವಂತಿದ್ದರೆ ಈಸ್ಟ್ ಸಾಯುತ್ತದೆ. ಬಳಿಕ ಮೈದಾ, ಉಳಿದ ಸಕ್ಕರೆ, ಉಪ್ಪು, ಮೊಟ್ಟೆ ಇವನ್ನು ಸೇರಿಸಿ ಹತ್ತು ನಿಮಿಷ ಚೆನ್ನಾಗಿ ಬಡಿದು ನಾದಬೇಕು. ಹಿಟ್ಟು ಚಪಾತಿಯ ಹಿಟ್ಟಿನಷ್ಟು ಗಟ್ಟಿಯಾಗಿರದೆ, ಕೈಗೆ ಅಂಟುವಂತೆ ಸಡಿಲವಾಗಿರುವುದು. ಇದನ್ನು ಕಂಡು ಹೆದರಿ ಮೈದಾ ಹೆಚ್ಚಿಸಕೂಡದು. ಎಳೆದರೆ ಹರಿಯದೆ ಹಿಗ್ಗುವ ಸ್ಥಿತಿ ಬಂದಮೇಲೆ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಬೇಕು. ಬೆಣ್ಣೆಯನ್ನು ಮೊದಲೇ ಹಾಕಿದರೆ ಅದು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು, ಬಲೆ ಹೆಣೆಯುವುದಕ್ಕೆ ಅಡ್ಡಿಯಾಗುತ್ತದೆ. ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಜಿಡ್ಡೂ ಹೌದು, ಪ್ರೀತಿಯೂ ಹೌದು. ಮೊದಲು ಶಿಕ್ಷಣ, ಆಮೇಲೆ ಸ್ನೇಹವೆಂಬ ಈ ಕ್ರಮವನ್ನು ಹಳೆಯ ಉಪಾಧ್ಯಾಯರು ಒಪ್ಪಿಯಾರು.

ಹಿಟ್ಟಿಗೆ ಬಟ್ಟೆ ಮುಚ್ಚಿ, ಎರಡರಷ್ಟಾಗುವವರೆಗೆ ಇಡತಕ್ಕದ್ದು. ಕರಾವಳಿಯ ಸೆಕೆಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಸಾಕಾದೀತು; ಮಾಗಿಯ ಚಳಿಯಲ್ಲಿ ಎರಡು ಗಂಟೆಯೂ ಹಿಡಿದೀತು. ಗಡಿಯಾರಕ್ಕಿಂತ ಹಿಟ್ಟನ್ನು ನೋಡುವುದೇ ಮೇಲು. ಅನಂತರ ಒಮ್ಮೆ ತಗ್ಗಿಸಿ, ಬೆಣ್ಣೆ ಸವರಿದ ಬಳೆಯಾಕಾರದ ಅಚ್ಚಿಗೆ ಅರ್ಧದಷ್ಟು ತುಂಬಿ, ಅಂಚಿನ ಸಮೀಪಕ್ಕೆ ಏರುವವರೆಗೆ ಮತ್ತೆ ಬಿಡಬೇಕು. 190 ಡಿಗ್ರಿ ಉಷ್ಣದ ಓವನ್ನಿನಲ್ಲಿ ಸುಮಾರು 25 ನಿಮಿಷ ಸುಟ್ಟರೆ ಹೊಂಬಣ್ಣ ಬರುತ್ತದೆ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬೇಕು.

ಸುಟ್ಟ ಕೇಕನ್ನು ಅಚ್ಚಿನಿಂದ ತೆಗೆದು ಜಾಲರಿಯ ಮೇಲೆ ಆರಿಸಿ, ಮರುದಿನದವರೆಗೆ ಹಾಗೆಯೇ ಬಿಡುವುದು ಉತ್ತಮ. ಇದು ಸೋಮಾರಿತನವಲ್ಲ, ಶಾಸ್ತ್ರವೇ. ಬಿಸಿ ಕೇಕಿನ ಒಡಲು ತೇವವಾಗಿ ಮೆತ್ತಗಿರುತ್ತದೆ. ಆಗ ಪಾಕ ಸುರಿದರೆ ಅದು ಮುದ್ದೆಯಾಗುತ್ತದೆ. ಒಣಗಿದ ಕೇಕಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಬರಿದಾಗಿ, ಅವುಗಳ ಗೋಡೆಗಳು ಗಟ್ಟಿಯಾಗಿರುತ್ತವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆದುಕೊಳ್ಳುವಂತೆ ಆ ರಂಧ್ರಗಳು ರಸವನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. ನಾದಿ ಹೆಣೆದ ಬಲೆಯಿರುವುದರಿಂದ ಕೇಕು ತನ್ನ ತೂಕದಷ್ಟು ರಸವನ್ನು ಹೀರಿದರೂ ಕುಸಿಯುವುದಿಲ್ಲ. ಹಿಟ್ಟಿನಲ್ಲಿ ಸಕ್ಕರೆ ಕಡಮೆಯಿರುವುದೂ ಈ ಕಾರಣದಿಂದಲೇ. ಮಾಧುರ್ಯವು ಹೊರಗಿನಿಂದ ಬರಬೇಕಾಗಿದೆ.

ಪಾಕವು ಎಳೆಪಾಕವಾಗಿರಕೂಡದು, ಜಾಮೂನಿನ ಪಾಕಕ್ಕಿಂತಲೂ ತೆಳುವಾಗಿರಬೇಕು. ಸಕ್ಕರೆ ಕರಗಿ ಐದು ನಿಮಿಷ ಕುದಿದರೆ ಸಾಕು. ಸಿಪ್ಪೆಯನ್ನೂ ದಾಲ್ಚಿನ್ನಿಯನ್ನೂ ತೆಗೆದು, ಕಿತ್ತಳೆಯ ರಸವನ್ನು ಸುಮಾರು 100 ಮಿಲಿಲೀಟರು ಬೆರಸಬಹುದು. ಫ್ರೆಂಚರು ಇಲ್ಲಿ ರಮ್ ಎಂಬ ಮದ್ಯವನ್ನು ಸೇರಿಸುತ್ತಾರೆ. ಒಲೆಯಿಂದ ಇಳಿಸಿದ ಮೇಲೆ ಸೇರಿಸುವ ಮದ್ಯವು ಆರಿಹೋಗದೆ ಉಳಿಯುವುದರಿಂದ, ಮಕ್ಕಳಿರುವ ಮನೆಗೆ ಹಣ್ಣಿನ ರಸವೇ ತಕ್ಕದ್ದು. ಪಾಕವು ಬೆಚ್ಚಗಿದ್ದು ಕೇಕು ತಣ್ಣಗಿರಲಿ. ಕೇಕನ್ನು ಆಳವಾದ ತಟ್ಟೆಯಲ್ಲಿಟ್ಟು, ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಸೌಟಿನಿಂದ ಸ್ವಲ್ಪಸ್ವಲ್ಪವೇ ಸುರಿಯುತ್ತ, ತಟ್ಟೆಗೆ ಇಳಿದದ್ದನ್ನು ಮತ್ತೆ ಎತ್ತಿ ಸುರಿಯಬೇಕು. ಒತ್ತಿದರೆ ಮೆತ್ತಗೆ ಹಿಂದೆಗೆದು ರಸ ಜಿನುಗಿದಾಗ ತೃಪ್ತಿಯಾಯಿತೆಂದು ಅರ್ಥ.

ಈ ಭಕ್ಷ್ಯವನ್ನು ನಾವು ಮೊದಲು ಕಂಡದ್ದು ಮಂಗಳೂರಿನಲ್ಲಿ, ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ. ಅವರು ಹನ್ನೊಂದು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದು ಊರಿಗೆ ಮರಳಿದ್ದರು. ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ನಮ್ಮನ್ನೂ ಕರೆದಿದ್ದರು. ಆ ವೃದ್ಧೆಗೆ ಹಲ್ಲುಗಳಿರಲಿಲ್ಲ. ಎಲ್ಲರೊಡನೆ ಕುಳಿತು ಮೆಲ್ಲಲಾರದ ನಾಚಿಕೆಯಿಂದ, ಹಬ್ಬದ ದಿನಗಳಲ್ಲಿಯೂ ಒಳಕೋಣೆಯಲ್ಲಿ ಗಂಜಿ ಕುಡಿದು ಏಳುತ್ತಿದ್ದರೆಂದು ಸೊಸೆ ನಮಗೆ ಮೆಲ್ಲನೆ ತಿಳಿಸಿದರು. ಆ ದಿನ ಮಗನು ತಾನೇ ಸುಟ್ಟ ಕೇಕನ್ನು ಮೇಜಿನ ನಡುವೆ ಇಟ್ಟು, ತಾಯಿಯನ್ನು ಕರೆತಂದು ಪಕ್ಕದಲ್ಲಿ ಕುಳ್ಳಿರಿಸಿದರು. ಮೊಮ್ಮಕ್ಕಳು ಸರದಿಯಂತೆ ಸೌಟು ಹಿಡಿದು ರಸ ಸುರಿಯುತ್ತಿದ್ದರು. “ಮಕ್ಕಳೇ, ಗಡಿಬಿಡಿ ಮಾಡಬೇಡಿ. ಅದು ಕುಡಿದಷ್ಟು ಕೊಡಿ,” ಎಂದರು ಆಕೆ. ಹಿಟ್ಟು ಉಬ್ಬಿದ ಬಗೆಯನ್ನು ಮಗನಿಂದ ಕೇಳಿ, “ಇದೇನು ಹೊಸತು? ನಾವು ಸನ್ನಕ್ಕೆ ಕಳ್ಳು ಹಾಕಿ ಉಬ್ಬಿಸುತ್ತಿರಲಿಲ್ಲವೇ?” ಎಂದು ನಕ್ಕರು. ಚಮಚದಿಂದಲೇ ಕತ್ತರಿಸಬಹುದಾದ ಆ ತುಂಡನ್ನು ಬಾಯಲ್ಲಿಟ್ಟುಕೊಂಡು, ನಮ್ಮ ಕಡೆ ತಿರುಗಿ, “ಮಾಸ್ತರೇ, ಹಲ್ಲಿಲ್ಲದವರ ಪಾಲಿಗೂ ಒಂದು ತಿಂಡಿ ಉಳಿದಿದೆ ನೋಡಿ,” ಎಂದರು. ಇನ್ನೊಂದು ತುಂಡನ್ನು ಕೇಳಿ ಹಾಕಿಸಿಕೊಂಡು, ಕಡೆಯವರೆಗೂ ಪಂಕ್ತಿಯಲ್ಲೇ ಕುಳಿತಿದ್ದರು.

ಹಣ್ಣುಗಳ ಆಯ್ಕೆಯಲ್ಲಿ ನಮ್ಮ ನಾಡಿಗೆ ಬಡತನವಿಲ್ಲ. ಕೇಕಿನ ನಡುವಣ ತೆರಪು ಇರುವುದೇ ಹಣ್ಣಿಗಾಗಿ. ಫ್ರಾನ್ಸಿನಲ್ಲಿ ಸ್ಟ್ರಾಬೆರಿ, ಚೆರಿಗಳನ್ನು ಕಡೆದ ಕೆನೆಯೊಡನೆ ತುಂಬುತ್ತಾರೆ. ನಮ್ಮಲ್ಲಿ ಕೊಡಗಿನ ಕಿತ್ತಳೆಯ ತೊಳೆ, ಬೀಜವಿಲ್ಲದ ದ್ರಾಕ್ಷಿ, ಅನಾನಸು, ದಾಳಿಂಬೆ, ಋತುವಿನಲ್ಲಿ ಮಾವು ಇವೆಲ್ಲ ಸಲ್ಲುತ್ತವೆ. ಬಾಳೆಹಣ್ಣು ಕಪ್ಪಾಗುವುದರಿಂದ ನಿಂಬೆಯ ರಸ ಸವರಿ ಕಡೆಯ ಗಳಿಗೆಯಲ್ಲಿ ಹಾಕತಕ್ಕದ್ದು. ಹೊಳಪು ಬೇಕಾದರೆ ಹಣ್ಣಿನ ಜಾಮನ್ನು ತುಸು ನೀರಿನಲ್ಲಿ ಕರಗಿಸಿ ಕೇಕಿಗೆ ಹಚ್ಚಬಹುದು. ಮೊಟ್ಟೆಯನ್ನು ಬಳಸದವರು ಹಾಲನ್ನು ಹೆಚ್ಚಿಸಿ ಬನ್ನಿನ ಹಿಟ್ಟಿನಂತೆ ಕಲಸಿ ಸುಡಬಹುದು. ಅದನ್ನು ಸಾವರಿನ್ ಎನ್ನಲಾಗದು. ಆದರೆ ಒಣಗಿಸಿದರೆ ಅದೂ ರಸವನ್ನು ಕುಡಿಯುತ್ತದೆ.

ಈಗ ಹಬ್ಬದ ಕೇಕು ಬೇಕಾದರೆ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮನೆಯ ಬಾಗಿಲಿಗೆ ಬರುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಸಾವರಿನ್ ಎರಡು ದಿನಗಳನ್ನು ಬೇಡುತ್ತದೆ. ಹಿಟ್ಟು ಏರುವುದಕ್ಕೆ ಕಾಯಬೇಕು, ಕೇಕು ಒಣಗುವುದಕ್ಕೆ ಕಾಯಬೇಕು, ರಸ ಇಂಗುವುದಕ್ಕೆ ಕಾಯಬೇಕು. ನಾದುವುದಕ್ಕೆ ಬಲವುಳ್ಳ ಕೈ ಬೇಕು. ಹಣ್ಣು ಬಿಡಿಸುವುದಕ್ಕೆ ಬಿಡುವುಳ್ಳ ಕೈ ಬೇಕು. ಸೌಟು ಹಿಡಿಯುವುದಕ್ಕೆ ಚಿಕ್ಕ ಮಕ್ಕಳ ಕೈಯೂ ಸಾಕು. ಮನೆಯ ಹಿರಿಯರೊಬ್ಬರ ದಿನವನ್ನು ಆಚರಿಸಬೇಕೆಂದಿರುವ ಗೃಹಸ್ಥರು ಆ ದಿನದ ಹಿಂದಿನ ಬೆಳಗ್ಗೆಯೇ ಈಸ್ಟನ್ನು ಬೆಚ್ಚಗಿನ ಹಾಲಿನಲ್ಲಿ ಕಲಸಿಡಲಿ.