ಮುಖ್ಯರಸ್ತೆ ಬಿಟ್ಟು ಒಂದು ಕ್ರಾಸ್ ಒಳಗೆ

ಬನಶಂಕರಿಯಿಂದ ಹೆಬ್ಬಾಳಕ್ಕೆ ಕಾರಿನಲ್ಲಿ ಹೊರಟವರಿಗೆ ಎರಡು ದಾರಿಗಳಿವೆ. ಒಂದು ಹೊರವರ್ತುಲ ರಸ್ತೆ. ಕತ್ರಿಗುಪ್ಪೆ, ನಾಯಂಡಹಳ್ಳಿ, ಸುಮನಹಳ್ಳಿ, ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್ ಎಂದು ಮೇಲ್ಸೇತುವೆ ಹತ್ತಿ ಇಳಿಯುತ್ತ ಊರನ್ನು ಬಳಸಿಕೊಂಡು ಹೋಗುವುದು. ಇನ್ನೊಂದು ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ಟೌನ್‌ಹಾಲ್, ಆನಂದರಾವ್ ಸರ್ಕಲ್, ಮಲ್ಲೇಶ್ವರ ಎಂದು ಊರಿನ ಒಳಗೇ ನುಗ್ಗುವುದು. ಮೊಬೈಲಿನ ನಕ್ಷೆ ನಿಮಿಷ ಲೆಕ್ಕ ಹಾಕಿ ಯಾವುದೋ ಒಂದನ್ನು ತೋರಿಸುತ್ತದೆ. ಬೇಗ ತಲುಪುವುದಷ್ಟೇ ಮುಖ್ಯವಾದರೆ ಅದರ ಮಾತು ಕೇಳಿ. ದಾರಿಯಲ್ಲಿ ಒಳ್ಳೆಯ ತಿಂಡಿಯೂ ಆಗಬೇಕೆಂದಿದ್ದರೆ ಕಣ್ಣುಮುಚ್ಚಿ ಎರಡನೆಯ ದಾರಿ ಹಿಡಿಯಿರಿ.

ವರ್ತುಲ ರಸ್ತೆಯ ಬದಿಯಲ್ಲಿ ಹೋಟೆಲುಗಳಿಲ್ಲ ಎಂದಲ್ಲ. ದೂರದಿಂದಲೇ ಕಾಣುವ ಬೋರ್ಡು, ಕಾರು ನಿಲ್ಲಿಸಲು ಜಾಗ, ದೋಸೆಯಿಂದ ಗೋಬಿ ಮಂಚೂರಿಯವರೆಗೆ ಉದ್ದದ ಮೆನು, ಎಲ್ಲವೂ ಅಲ್ಲಿವೆ. ಆದರೆ ಅಲ್ಲಿಗೆ ಬರುವವರು ಹೆಚ್ಚಾಗಿ ಹಾದುಹೋಗುವವರು. ಇವತ್ತು ಸಾಂಬಾರು ಕೆಟ್ಟರೆ ನಾಳೆ ಬಂದು ಗೊಣಗುವವರಿಲ್ಲ. ಬೆಂಗಳೂರಿನ ಒಳ್ಳೆಯ ತಿಂಡಿ ಹೋಟೆಲುಗಳು ಬೆಳೆದದ್ದು ನಡೆದು ಬರುವವರ ಮೇಲೆ. ದೇವಸ್ಥಾನ, ಮಾರ್ಕೆಟ್ಟು, ಕಾಲೇಜು, ರೈಲ್ವೆ ಸ್ಟೇಷನ್ನು, ಬೆಳಗಿನ ವಾಕಿಂಗಿನವರು ಸುತ್ತುವ ಪಾರ್ಕು, ಇವುಗಳ ನೆರಳಿನಲ್ಲೇ ಅವು ಇರುವುದು. ಅಲ್ಲಿಗೆ ನಿತ್ಯ ಬರುವ ನಿವೃತ್ತ ಮೇಷ್ಟ್ರು ಚಟ್ನಿಯಲ್ಲಿ ತೆಂಗಿನಕಾಯಿ ಕಡಿಮೆಯಾದ ದಿನವೇ ಗಲ್ಲಾದವರ ಮುಂದೆ ನಿಂತು ಕೇಳುತ್ತಾರೆ. ಹಾಗಾಗಿ ಊರು ದಾಟುವ ವಾಹನ ಸವಾರರಿಗೆ ನನ್ನದು ಒಂದೇ ಸಲಹೆ: ಮುಖ್ಯರಸ್ತೆ ಬಿಟ್ಟು ಒಂದು ಕ್ರಾಸ್ ಒಳಗೆ ತಿರುಗಿ.

ಹಾಗೆ ತಿರುಗಿದ ಕಡೆ ಮೊದಲು ಕಣ್ಣಿಗೆ ಬೀಳುವುದು ಬಹುಪಾಲು ಒಂದು ದರ್ಶಿನಿ. ನಿಂತು ತಿನ್ನುವ ಈ ಹೋಟೆಲುಗಳು ಎಷ್ಟು ಬೆಂಗಳೂರಾಗಿಬಿಟ್ಟಿವೆಯೆಂದರೆ, ಅವು ಇಲ್ಲದ ಕಾಲವೂ ಇತ್ತು ಎಂಬುದೇ ಮರೆತುಹೋಗಿದೆ. ಆರ್. ಪ್ರಭಾಕರ್ ಅವರು ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದದ್ದು 1983ರಲ್ಲಿ. ಅದಕ್ಕೂ ಮೊದಲು ಹೋಟೆಲ್ ಎಂದರೆ ಮಾರ್ಬಲ್ ಕಲ್ಲಿನ ಮೇಜು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ‘ಏನಿದೆ’ ಎನ್ನುವಷ್ಟರಲ್ಲಿ ಹತ್ತು ತಿಂಡಿಯ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಸುವ ಮಾಣಿ, ಕೊನೆಗೆ ಬಿಲ್ಲು. ದರ್ಶಿನಿ ಇದನ್ನೆಲ್ಲ ತಿರುವುಮುರುವು ಮಾಡಿತು. ದುಡ್ಡು ಮೊದಲು, ತಿಂಡಿ ಆಮೇಲೆ. ಕೂಪನ್ ಕೊಟ್ಟರೆ ಕಣ್ಣೆದುರೇ ತಟ್ಟೆ ತುಂಬುತ್ತದೆ. ಎದೆಮಟ್ಟದ ಮೇಜಿನ ಮುಂದೆ ನಿಂತು ತಿಂದು, ತಟ್ಟೆಯನ್ನು ತೊಟ್ಟಿಗೆ ಹಾಕಿ, ಕೈ ತೊಳೆದರೆ ಆಯಿತು. ಕುರ್ಚಿಯೂ ಇಲ್ಲ, ಟಿಪ್ಸೂ ಇಲ್ಲ.

ಇದರಿಂದ ಜಾಗದ ಬಾಡಿಗೆಯೂ ಸಂಬಳದ ಖರ್ಚೂ ಉಳಿಯಿತು, ತಿಂಡಿ ಅಗ್ಗವಾಯಿತು. ಅದು ಎಲ್ಲರೂ ಹೇಳುವ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಡುಗೆಮನೆ ಗಿರಾಕಿಯ ಕಣ್ಣಳತೆಗೆ ಬಂದದ್ದು. ಹಿಂದೆ ಅದು ಒಳಗೆಲ್ಲೋ ಹೊಗೆಯ ಹಿಂದೆ ಇರುತ್ತಿತ್ತು. ಈಗ ಕಾವಲಿಯ ಮೇಲೆ ಕಡ್ಡಿಪೊರಕೆಯಿಂದ ನೀರು ಚಿಮುಕಿಸುವುದು, ಹಿಟ್ಟು ಸಾಲಾಗಿ ಹುಯ್ಯುವುದು, ಇಡ್ಲಿ ತಟ್ಟೆಯಿಂದ ಒದ್ದೆಬಟ್ಟೆ ಎಬ್ಬಿಸುವುದು ಎಲ್ಲ ಗಿರಾಕಿಯ ಮುಂದೆಯೇ. ಇನ್ನೊಂದು ಮಾತನ್ನೂ ಹೇಳಬೇಕು. ಈ ಊರಿನ ಹಳೆಯ ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಕಡೆ ಕೂರಿಸುತ್ತಿದ್ದ ಕಾಲವಿತ್ತು. ಕೂರುವ ವ್ಯವಸ್ಥೆಯೇ ಇಲ್ಲದ ಕಡೆ ಯಾರನ್ನು ಎಲ್ಲಿ ಕೂರಿಸುವುದು? ಪೌರಕಾರ್ಮಿಕರು, ಸಾಫ್ಟ್‌ವೇರ್‌ನವರು, ಆಟೋದವರು ಒಂದೇ ಮೇಜಿನ ಸುತ್ತ ಮೊಣಕೈ ತಾಗಿಸಿಕೊಂಡು ಚೌಚೌ ಬಾತ್ ತಿನ್ನುವುದು ಸಣ್ಣ ಸಂಗತಿಯಲ್ಲ. 2017ರ ಆಗಸ್ಟ್‌ನಲ್ಲಿ ಸರ್ಕಾರ ಇಂದಿರಾ ಕ್ಯಾಂಟೀನ್ ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡತೊಡಗಿದಾಗ ಅಲ್ಲಿಯೂ ಕಂಡದ್ದು ಟೋಕನ್ನು, ಕೌಂಟರು, ನಿಂತು ತಿನ್ನುವ ಮೇಜು.

ದರ್ಶಿನಿಗಳೆಲ್ಲ ಒಳ್ಳೆಯವೇ ಎಂದು ಮಾತ್ರ ನಂಬಬೇಡಿ. ಗೊತ್ತಿಲ್ಲದ ಬಡಾವಣೆಯಲ್ಲಿ ನಾನು ಮೊದಲು ನೋಡುವುದು ಗುಂಪನ್ನಲ್ಲ, ಕಾವಲಿಯನ್ನು. ಒಂದು ಸಾಲು ದೋಸೆ ಎದ್ದ ಕೂಡಲೇ ಮುಂದಿನ ಸಾಲು ಬೀಳುತ್ತಿದ್ದರೆ ಅಲ್ಲಿ ಹಿಟ್ಟು ಹಳಸಲು ಪುರುಸೊತ್ತಿಲ್ಲ. ವಡೆ ಗಾಜಿನ ಪೆಟ್ಟಿಗೆಯಲ್ಲಿ ಗುಡ್ಡೆಯಾಗಿ ಕೂತಿದ್ದರೆ ವಡೆ ಬೇಡ, ಇಡ್ಲಿ ಸಾಕು. ಆಮೇಲೆ ಮೆನು ಬೋರ್ಡು. ಅದು ಉದ್ದವಾದಷ್ಟೂ ನನಗೆ ಅನುಮಾನ. ಹೊರಗೆ ಸಾಲಾಗಿ ಆಟೋಗಳು ನಿಂತಿದ್ದರೆ ಒಳ್ಳೆಯ ಹೋಟೆಲ್ ಎನ್ನುವುದು ಅರ್ಧ ಸತ್ಯ. ಆಟೋ ನಿಲ್ಲಿಸಲು ಅಲ್ಲಿ ಜಾಗವಿದೆ ಎನ್ನುವುದು ಮಿಕ್ಕರ್ಧ. ಕಾಫಿಯನ್ನಂತೂ ನೋಡಿಯೇ ತಿಳಿಯಬಹುದು. ಡಿಕಾಕ್ಷನ್ ಸಣ್ಣ ಪಾತ್ರೆಯಿಂದ ಆಗಾಗ ಹೊಸದಾಗಿ ಬರುತ್ತಿದ್ದರೆ ಧೈರ್ಯವಾಗಿ ಕೂಪನ್ ತೆಗೆದುಕೊಳ್ಳಿ. ಬೆಳಗಿನದೇ ಕುದಿಕುದಿದು ಕಪ್ಪಗಾಗಿದ್ದರೆ ಬೈ ಟೂ ಹೇಳಿ, ನಷ್ಟ ಅರ್ಧಕ್ಕಿಳಿಯುತ್ತದೆ.

ಸಣ್ಣ ಮೆನುವಿನ ತಾಕತ್ತು ನೋಡಬೇಕಾದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಬೇಕು. 1965ರಿಂದ ನಡೆಯುತ್ತಿರುವ ಈ ಪುಟ್ಟ ಜಾಗದಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರು ಇಲ್ಲ. ಚಟ್ನಿ ಮಾತ್ರ, ಅದೂ ಕೇಳಿದಷ್ಟು. ದೋಸೆ ಯಾಕಿಲ್ಲ ಎಂದು ಕೇಳುವವರು ಹೊಸಬರು. ಅಲ್ಲಿಂದ ಸ್ವಲ್ಪ ದೂರದ ಬಸವನಗುಡಿಯ ಗಾಂಧಿಬಜಾರಿನಲ್ಲಿ ಇದಕ್ಕೆ ತದ್ವಿರುದ್ಧವಾದ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಇದು ಕೂತು ತಿನ್ನುವ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿಗಳನ್ನು ನೋಡಲೆಂದೇ ಜನ ಕ್ಯಾಮೆರಾ ತೆಗೆಯುತ್ತಾರೆ. ಆದರೆ ಊರು ದಾಟುವ ಆತುರದಲ್ಲಿರುವವರಿಗೆ ಭಾನುವಾರ ಬೆಳಗ್ಗೆ ಇದು ಹೇಳಿಮಾಡಿಸಿದ ಜಾಗವಲ್ಲ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಶುಕ್ರವಾರ ಹೋದರೆ ಕಾಯುವುದೂ ಇಲ್ಲ, ಅಂದು ರಜೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕಥೆ ಇನ್ನೂ ಹಿಂದಿನದು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಕಾಫಿ ಕ್ಲಬ್ಬು ಅದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುವುದು ಆ ಮನೆತನದ ಮಾತು. ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಗೆ ಸರ್ಕಾರ ಮೂಗುದಾರ ಹಾಕಿದಾಗ ಹೋಟೆಲಿನ ಬಾಗಿಲು ಹಾಕಿ ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ಇಳಿದರು. ಅಭಾವಕ್ಕೊಂದು ತಿಂಡಿ, ಕಾನೂನಿಗೊಂದು ಕಾರ್ಖಾನೆ! ಆಮೇಲೆ ಮತ್ತೆ ತೆರೆದ ಆ ಹೋಟೆಲಿನಲ್ಲಿ ಊಟಕ್ಕೆ ಕೂತರೆ ಮಾತ್ರ ಮುಂದಿನ ಕೆಲಸವನ್ನು ನಾಳೆಗೆ ಹಾಕಿಕೊಳ್ಳುವುದು ಒಳ್ಳೆಯದು.

ದಾರಿ ಸರಿಯಿದ್ದರೂ ಗಡಿಯಾರ ಕೈಕೊಡುವುದುಂಟು. ಹಳೆಯ ತಿಂಡಿ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನದ ಹೊತ್ತಿಗೆ ಬಾಗಿಲು ಎಳೆದುಕೊಂಡು ಮತ್ತೆ ತೆರೆಯುವುದು ಮೂರು, ನಾಲ್ಕರ ಮೇಲೆ. ಹನ್ನೆರಡೂವರೆಗೆ ದೋಸೆಯ ಆಸೆಯಿಂದ ಇಷ್ಟು ದೂರ ಬಂದವರಿಗೆ ಶಟರ್ ದರ್ಶನ. ಆ ಹೊತ್ತು ಮಿಲಿಟರಿ ಹೋಟೆಲುಗಳದು. ಜಯನಗರ ಎಂಟನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಜನ ಊರಿನ ಆ ತುದಿಯಿಂದಲೂ ಬರುತ್ತಾರೆ. ಪುದೀನ, ಕೊತ್ತಂಬರಿಯ ಹಸಿರು ಮಸಾಲೆ, ಸಣ್ಣಕ್ಕಿಯ ಅನ್ನ, ಎಲೆಯ ದೊನ್ನೆ. ಇಂಥ ಕಡೆ ಸಂಜೆಯವರೆಗೆ ಕಾಯುತ್ತಾ ಕೂರುವ ಪದ್ಧತಿ ಇಲ್ಲ, ಹಂಡೆ ಖಾಲಿಯಾದರೆ ವ್ಯಾಪಾರ ಮುಗಿಯಿತು. ಮುದ್ದೆ, ಕಾಲು ಸೂಪು, ಬೋಟಿ ಗೊಜ್ಜು ತಿಂದವರು ಸ್ಟೀರಿಂಗ್ ಹಿಡಿಯುವ ಮೊದಲು ಹತ್ತು ನಿಮಿಷ ಮರದ ನೆರಳಲ್ಲಿ ನಿಂತಿರುವುದು ಕ್ಷೇಮ.

ಸಂಜೆಯಾದರೆ ವಿ.ವಿ. ಪುರಂನ ತಿಂಡಿ ಬೀದಿ ಇದೆ. ಚಳಿಗಾಲದಲ್ಲಿ ಅವರೆಕಾಯಿ ಸೊಗಡಿನ ಕಾಲಕ್ಕೆ ಹೋದರೆ ಹಿತಕಿದ ಬೇಳೆಯ ದೋಸೆ ಸಿಗುತ್ತದೆ. ಅದನ್ನು ಬಿಟ್ಟರೆ ಆ ಬೀದಿಯ ಮೇಲೆ ನನಗೆ ಮೊದಲಿನಷ್ಟು ಮೋಹ ಉಳಿದಿಲ್ಲ. ಎಲ್ಲದರ ಮೇಲೂ ಚೀಸ್ ತುರಿಯುವವರು ಹೆಚ್ಚಾಗಿದ್ದಾರೆ.

ಟೌನ್‌ಹಾಲಿನಿಂದ ಮೆಜೆಸ್ಟಿಕ್‌ವರೆಗೆ ಕಾರಿನವರಿಗೆ ಹೇಳಿಕೊಳ್ಳುವಂಥದ್ದು ಕಡಿಮೆ. ಚಿಕ್ಕಪೇಟೆ, ಬಳೇಪೇಟೆಯ ಓಣಿಗಳಲ್ಲಿ ತಿನ್ನುವುದಕ್ಕೆ ಬೇಕಾದಷ್ಟಿದೆ, ಕಾರು ನಿಲ್ಲಿಸಲು ಜಾಗವಿಲ್ಲ. ಕಾರಿನಿಂದ ಇಳಿಯಲೇ ಮನಸ್ಸಿಲ್ಲದವರು ಸ್ವಲ್ಪ ಬಳಸಿ ಲ್ಯಾವೆಲ್ಲೆ ರಸ್ತೆಯ ಬಳಿಯ ಏರ್‌ಲೈನ್ಸ್ ಹೋಟೆಲಿಗೆ ಹೋಗಬಹುದು. ಮರದಡಿ ಕಾರು ನಿಲ್ಲಿಸಿದರೆ ತಿಂಡಿ ಅಲ್ಲಿಗೇ ಬರುವ ಪದ್ಧತಿ ಅಲ್ಲಿ ದಶಕಗಳಿಂದ ಇದೆ.

ಇಷ್ಟೆಲ್ಲ ಕಾರಿನ ಮಾತಾಡಿದ ಮೇಲೆ ಇದನ್ನೂ ಹೇಳಬೇಕು: ಈ ತಿಂಡಿ ದಾರಿಯ ಉದ್ದಕ್ಕೂ ಮೆಟ್ರೋದ ಹಸಿರು ಮಾರ್ಗ ಹಾಯ್ದುಹೋಗಿದೆ. ಬನಶಂಕರಿ, ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಚಿಕ್ಕಪೇಟೆ, ಸಂಪಿಗೆ ರಸ್ತೆ, ಯಶವಂತಪುರ. ಮಾರ್ಗ ಎಳೆದ ಎಂಜಿನಿಯರುಗಳು ತಿಂಡಿಪೋತರೇ ಇದ್ದಿರಬೇಕು. ನಿಂತು ತಿನ್ನುವ ಹೋಟೆಲಿಗೆ ನಡೆದುಕೊಂಡೇ ಹೋಗುವುದು ಹೆಚ್ಚು ಸಮಂಜಸ, ಟೋಯಿಂಗ್ ಗಾಡಿಯ ಭಯವೂ ಇಲ್ಲ.

ಕಾರಿನಲ್ಲೇ ಬಂದಿದ್ದರೆ ಕೊನೆಯ ನಿಲ್ದಾಣ ಮಲ್ಲೇಶ್ವರ. ಇಲ್ಲಿಂದ ಬಲಕ್ಕೆ ಮೇಖ್ರಿ ಸರ್ಕಲ್ ಹಾದು ಹೆಬ್ಬಾಳ, ವಿಮಾನ ನಿಲ್ದಾಣ. ನೇರ ಹೋದರೆ ಯಶವಂತಪುರ, ತುಮಕೂರು ರಸ್ತೆ. ಎರಡೂ ಕಡೆ ಮತ್ತೆ ದೊಡ್ಡ ಬೋರ್ಡುಗಳ ರಾಜ್ಯ ಶುರು. ಹಾಗಾಗಿ ಇಲ್ಲೇ ಮುಗಿಸಿಕೊಳ್ಳಬೇಕು. ಮಾರ್ಗೋಸಾ ರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ, ಎಂಟನೇ ಕ್ರಾಸಿನಲ್ಲಿ ಜನತಾ ಹೋಟೆಲ್, ಹದಿನೈದನೇ ಕ್ರಾಸಿನಲ್ಲಿ ವೀಣಾ ಸ್ಟೋರ್ಸ್, ರೈಲ್ವೆ ಸ್ಟೇಷನ್ ಎದುರಿಗೆ ರಾಘವೇಂದ್ರ ಸ್ಟೋರ್ಸ್. ಸಿಟಿಆರ್ ದೋಸೆ ಹೆಚ್ಚೋ ವಿದ್ಯಾರ್ಥಿ ಭವನದ್ದೋ ಎಂದು ಜಗಳವಾಡುವವರು ಮಲ್ಲೇಶ್ವರಕ್ಕೊಂದು, ಬಸವನಗುಡಿಗೊಂದು ಪಕ್ಷ ಕಟ್ಟಿಕೊಂಡಿದ್ದಾರೆ. ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ದೂರ ಹೋಗುವವರಿಗೆ ವೀಣಾ ಸ್ಟೋರ್ಸೇ ಅನುಕೂಲ ಎಂದಷ್ಟೇ ಹೇಳುತ್ತೇನೆ. ಕೂರಲು ಜಾಗವಿಲ್ಲದ್ದರಿಂದ ಕೈಯಲ್ಲಿ ತಟ್ಟೆ ಹಿಡಿದು ಫುಟ್‌ಪಾತಿನಲ್ಲೇ ತಿಂದು ಹೊರಡುವುದು ಅಲ್ಲಿನ ರೂಢಿ. ಇಡ್ಲಿಯೂ ಹತ್ತಿಯಷ್ಟು ಹಗುರ.

ಪಾರ್ಸೆಲ್ ಕಟ್ಟಿಸುವುದಾದರೆ ದೋಸೆಯನ್ನು ಮರೆತುಬಿಡಿ. ಹೆಬ್ಬಾಳದ ಮೇಲ್ಸೇತುವೆ ಹತ್ತುವಷ್ಟರಲ್ಲಿ ಅದು ತೊಗಲಾಗಿರುತ್ತದೆ. ವಡೆಯೂ ಮೆತ್ತಗಾಗುತ್ತದೆ. ಉಳಿಯುವುದು ಇಡ್ಲಿ. ಹಸಿ ತೆಂಗಿನಕಾಯಿಯ ಚಟ್ನಿ ಬೇಸಿಗೆಯ ಕಾರಿನೊಳಗೆ ಬೇಗ ಹಳಸುವುದರಿಂದ ಅದನ್ನು ಅಲ್ಲೇ ನಿಂತು ತಿಂದು ಮುಗಿಸಿ, ಇಡ್ಲಿಯನ್ನು ಮಾತ್ರ ಕಟ್ಟಿಸಿಕೊಳ್ಳಿ. ಮನೆಯಿಂದ ಹೊರಡುವಾಗಲೇ ಒಂದು ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ, ತುಪ್ಪ ಇಟ್ಟುಕೊಂಡಿದ್ದರೆ ತುಮಕೂರು ರಸ್ತೆ ಹಿಡಿದವರಿಗೂ ಶಿರಾವರೆಗೆ ಚಿಂತೆಯಿಲ್ಲ.